ನಂದಿ ಹಾಲ್ಟ್‌ನಲ್ಲಿ ಜಿಯೋಕ್ಯಾಶ್ ಇಡುವ ಮುನ್ನ

ಚಿಕ್ಕಬಳ್ಳಾಪುರ ಕಡೆಯ ರೈಲು ನಿಲ್ದಾಣ ನಂದಿ ಹಾಲ್ಟ್‌ನಲ್ಲಿ ಜಿಯೋಕ್ಯಾಶ್ (ಜಿಪಿಎಸ್ ಹಿಡಿದು ಬೇರೆಯವರು ಹುಡುಕಲಿ ಅಂತ ಬಚ್ಚಿಡುವ ಡಬ್ಬಿ) ಇಡೋರು ಡಬ್ಬಿಯನ್ನು ರೈಲ್ವೆ ಜಾಗದಲ್ಲಿ ಇಡಲೇಬೇಡಿ. ಹಿಂದೆ 762 ಮಿ.ಮೀ. ನ್ಯಾರೋಗೇಜ್ ಇದ್ದ ಮಾರ್ಗ ಈಗ ಬ್ರಾಡ್‌ಗೇಜ್, ರೈಲು ಓಡುತ್ತೆ. ಹಳಿ ಮೇಲೆ ಅಡ್ಡಾಡಿದರೆ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 1000 ರೂ.ವರೆಗೆ ದಂಡ, ಇಲ್ಲವೇ ಎರಡೂ.

ಹಾಗಾಗಿ ಮಲ್ಟಿ ಕ್ಯಾಶ್ ಮಾಡಿ, ಅಂದರೆ ಒಂದು ಹಂತದ ಸುಳಿವು ಹಿಡಿದು ಮುಂದಿನ ಜಾಗಕ್ಕೆ ಹೋಗುವ ಜಿಯೋಕ್ಯಾಶ್. ಮೊದಲ ಹಂತದಲ್ಲಿ ಡಬ್ಬಿ ಬೇಡ, ಪ್ರಶ್ನೆ ಸಾಕು: ಹಳದಿ ನಾಮಫಲಕದ ಮೇಲಿನ ಸಮುದ್ರಮಟ್ಟದ ಎತ್ತರದ ಅಂಕಿಯಿಂದ ಕೊನೆಯ ಜಾಗದ ಅಕ್ಷಾಂಶ, ರೇಖಾಂಶ ಲೆಕ್ಕ ಹಾಕಿಸಿ. ಹಳೇ ಕಟ್ಟಡದ ಕಿಟಕಿ ಎಣಿಸೋಕೆ ಹೇಳುವುದಕ್ಕಿಂತ ಇದೇ ವಾಸಿ. ರಿಪೇರಿಯಲ್ಲಿ ಒಂದು ಕಿಟಕಿ ಮುಚ್ಚಿದರೆ ಲೆಕ್ಕವೇ ಕೆಟ್ಟಿತು. ಫಲಕಕ್ಕೆ ಎಷ್ಟು ಸಲ ಬಣ್ಣ ಬಳಿದರೂ ಎತ್ತರ ಅಷ್ಟೇ ಇರುತ್ತೆ.

ಕೊನೆಯ ಡಬ್ಬಿಗೆ ಜಮೀನಿನವರ ಒಪ್ಪಿಗೆ ಬೇಕು, ಬೇರೆಯವರ ಜಿಯೋಕ್ಯಾಶ್ ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರ ಇರಬೇಕು, ಒಪ್ಪಿಗೆ ಇಲ್ಲದೆ ನೆಲ ಅಗೆಯುವಂತಿಲ್ಲ. ನಾಲ್ಕೂ ಕಡೆ ಲಾಕ್, ಒಳಗೆ ರಬ್ಬರ್ ವಾಷರ್ ಇರುವ ಪಾರದರ್ಶಕ ಡಬ್ಬಿ ತಗೊಳ್ಳಿ. ಮೇಲೆ ಇದು ಏನು ಅಂತ ಕನ್ನಡದಲ್ಲೇ ಬರೆಯಿರಿ, ಇಲ್ಲದಿದ್ದರೆ ಯಾರೋ ಬಾಂಬ್ ಅಂತ ಪೊಲೀಸರನ್ನು ಕರೆಸಿಯಾರು. ಚಾಕೊಲೇಟ್ ಹಾಕಬೇಡಿ, ಕೋತಿ ಬಿಡೊಲ್ಲ. ಹುಡುಕಿದವರು ಹೆಸರು ಬರೆಯುವ ಪುಸ್ತಕದ ಜೊತೆ ಪೆನ್ಸಿಲ್ ಇಡಿ. ತೇವ ತಗುಲಿದರೆ ಪೆನ್ನಿನ ಶಾಯಿ ಹರಡುತ್ತೆ. ಮರದಡಿ ಜಿಪಿಎಸ್ ತಪ್ಪು ತೋರಿಸುತ್ತೆ, ಬೇರೆ ಬೇರೆ ಹೊತ್ತಲ್ಲಿ 3 ಸಲ ಅಳೆದು ಸರಾಸರಿ ಹಾಕಿ.