ಮೈದಾನದ ಇತಿಹಾಸ ಬರೆಯುತ್ತೀರಾ? ಮೊದಲು ಸರ್ವೆ ನಂಬರ್ ಹಿಡಿಯಿರಿ

ಯುವಕ ಮಂಡಲಕ್ಕೆ ಐವತ್ತು ತುಂಬುತ್ತದೆ, ಒಂದು ಸ್ಮರಣ ಸಂಚಿಕೆ ತರಬೇಕು, ಅದರಲ್ಲಿ ಮೈದಾನದ ಇತಿಹಾಸವೂ ಇರಲಿ. ಇಂಥ ಮಾತು ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಊರಿನ ನಿವೃತ್ತ ಪಿ.ಟಿ. ಮಾಸ್ತರರ ಕಡೆಗೆ. ಬ್ರಹ್ಮಾವರದ ಆಚೆ ನಮ್ಮ ಶಾಲಾ ಮೈದಾನದ ಕಥೆ ನನ್ನ ಪಾಲಿಗೆ ಬಂದದ್ದೂ ಹಾಗೆಯೇ. ಈಗ ಅಕ್ಕಪಕ್ಕದ ಊರಿನವರು ಫೋನ್ ಮಾಡಿ, "ಸರ್, ಎಲ್ಲಿಂದ ಶುರು ಮಾಡುವುದು?" ಎಂದು ಕೇಳುತ್ತಾರೆ. ಟ್ರೋಫಿ ಕಪಾಟಿನ ಹತ್ತಿರ ಹೋಗಬೇಡಿ, ನೆಲದಿಂದ ಶುರು ಮಾಡಿ ಎನ್ನುತ್ತೇನೆ.

ಯಾರು ಯಾವ ವರ್ಷ ಗೆದ್ದರು ಎನ್ನುವುದು ತಂಡದ ಕಥೆ. ಆ ಜಾಗ ಮೊದಲು ಯಾರದಿತ್ತು, ಯಾರು ಬಿಟ್ಟುಕೊಟ್ಟರು, ಯಾರ ದುಡ್ಡಿನಲ್ಲಿ ಸಮತಟ್ಟಾಯಿತು, ನಡುವೆ ಅದರ ಮೇಲೆ ಕಣ್ಣು ಹಾಕಿದವರು ಯಾರು ಎಂದು ಹುಡುಕಿದರೆ ಮೈದಾನದ ಕಥೆ ಸಿಗುತ್ತದೆ.

ತಂಗಿಯ ಮಗಳು ಡಬ್ಲಿನ್ನಿನಲ್ಲಿ ನರ್ಸ್. ಐರ್ಲೆಂಡಿನ ಮೈದಾನಗಳ ಹುಚ್ಚು ನನಗೆ ಹಿಡಿಸಿದವಳು ಅವಳೇ. ಅಲ್ಲಿ ಗೇಲಿಕ್ ಫುಟ್‌ಬಾಲ್, ಹರ್ಲಿಂಗ್ ಎಂಬ ಆಟಗಳುಂಟು. ತಂಡಕ್ಕೆ 15 ಜನ, ಎಚ್ ಅಕ್ಷರದ ಆಕಾರದ ಗೋಲು. ಹೆಚ್ಚುಕಡಿಮೆ ಒಂದೊಂದು ಇಗರ್ಜಿಯ ವ್ಯಾಪ್ತಿಗೆ ಒಂದು ಕ್ಲಬ್, ಆಡುವವರಿಗೆ ಸಂಬಳವಿಲ್ಲ. ಥೇಟ್ ನಮ್ಮ ಯುವಕ ಮಂಡಲಗಳ ಹಾಗೆ. ಇದನ್ನೆಲ್ಲ ನಡೆಸುವ ಸಂಘ 1884ರಲ್ಲಿ ಥರ್ಲ್ಸ್ ಎಂಬ ಊರಿನ ಒಂದು ಹೋಟೆಲಿನಲ್ಲಿ ಹುಟ್ಟಿತು. ಅವರ ದೊಡ್ಡ ಮೈದಾನ ಡಬ್ಲಿನ್ನಿನ ಕ್ರೋಕ್ ಪಾರ್ಕ್. ಈಗ ಅಲ್ಲಿ 82 ಸಾವಿರಕ್ಕೂ ಜಾಸ್ತಿ ಜನ ಹಿಡಿಯುತ್ತಾರೆ. ಆದರೆ ನನಗೆ ರುಚಿಸಿದ್ದು ಅದರ ಜಾಗದ ವ್ಯವಹಾರ. ಮೊದಲು ಅದನ್ನು ಜೋನ್ಸ್ ರೋಡ್ ಎಂದೇ ಕರೆಯುತ್ತಿದ್ದರು. 1908ರಲ್ಲಿ ಫ್ರಾಂಕ್ ಡಿನೀನ್ ಎಂಬ ಪತ್ರಕರ್ತ ಅದನ್ನು 3,250 ಪೌಂಡಿಗೆ ಸ್ವಂತ ಹೆಸರಿನಲ್ಲಿ ಕೊಂಡ. ಆತ ಸಂಘದ ಹಳೆಯ ಅಧ್ಯಕ್ಷ, ಕಾರ್ಯದರ್ಶಿಯೂ ಆಗಿದ್ದವನು. 1913ರಲ್ಲಿ ಸಂಘ ಅವನಿಂದ 3,500 ಪೌಂಡಿಗೆ ತೆಗೆದುಕೊಂಡಿತು. ಸಂಘದ ಪೋಷಕರಾಗಿದ್ದ ಆರ್ಚ್‌ಬಿಷಪ್ ಕ್ರೋಕ್ ಅವರ ಹೆಸರಿಟ್ಟಿತು. ನಡುವಿನ ಐದು ವರ್ಷ ಒಬ್ಬ ಮನುಷ್ಯ ಆ ಜಾಗ ಹಿಡಿದುಕೊಂಡು ಕೂತಿದ್ದ ಎನ್ನುವುದೇ ಆ ಮೈದಾನದ ಮೊದಲ ಅಧ್ಯಾಯ. ಅಂಥವರೊಬ್ಬರು ನಿಮ್ಮೂರಲ್ಲೂ ಇದ್ದೇ ಇರುತ್ತಾರೆ. ಹುಡುಕಬೇಕು, ಅಷ್ಟೇ.

ಹುಡುಕುವ ದಾರಿ ಹೀಗೆ. ಮೈದಾನದ ನಡುವೆ ನಿಂತು ಮೊಬೈಲಿನಲ್ಲಿ ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ತೆರೆಯಿರಿ. ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ನಾಲ್ಕೂ ಮೂಲೆಗೆ ನಡೆದು ಮತ್ತೆ ನೋಡಿ. ಒಂದೇ ಮೈದಾನ ಎರಡು ಮೂರು ನಂಬರಿನಲ್ಲಿ ಹರಡಿರುವುದುಂಟು, ಅಲ್ಲಿಯೇ ಕಥೆಯೂ ಇರುವುದು. ನಂಬರ್ ಸಿಕ್ಕಿದ ಮೇಲೆ ಭೂಮಿ ವೆಬ್‌ಸೈಟಿನಲ್ಲಿ ಆರ್‌ಟಿಸಿ, ಅಂದರೆ ಪಹಣಿ, ತೆಗೆಯಿರಿ. 9ನೇ ಕಾಲಂನಲ್ಲಿ ಯಾರ ಹೆಸರುಂಟು? ಸರ್ಕಾರವೋ, ಶಾಲೆಯೋ, ದೇವಸ್ಥಾನವೋ, ತೀರಿಕೊಂಡು ಎಷ್ಟೋ ಕಾಲವಾದ ಯಾರೋ ಒಬ್ಬ ಯಜಮಾನರೋ? 11ನೇ ಕಾಲಂ ಕೂಡ ಬಿಡಬೇಡಿ. ಹಕ್ಕು, ಋಣದ ವಿವರ ಇರುವುದು ಅಲ್ಲಿ.

ಆಮೇಲೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹಳೆಯ ಅಡಂಗಲ್ (ಆರ್‌ಟಿಸಿಗೆ ಮುಂಚಿನ ಜಾಗದ ದಾಖಲೆ) ನಕಲಿಗೆ ಅರ್ಜಿ ಕೊಡಿ. ಯಾವ ಕಚೇರಿ ಎಂದು ಮೊದಲೇ ವಿಚಾರಿಸಿ. ಬ್ರಹ್ಮಾವರ, ಕಾಪು, ಬೈಂದೂರು, ಹೆಬ್ರಿ ಎಲ್ಲ ಈಚಿನ ತಾಲೂಕುಗಳು. ಹಳೆಯ ಕಡತ ಉಡುಪಿ, ಕುಂದಾಪುರ, ಕಾರ್ಕಳದಲ್ಲೇ ಉಳಿದಿರಬಹುದು. ಉಡುಪಿ ಜಿಲ್ಲೆ ಆದದ್ದೇ 1997ರಲ್ಲಿ, ಅದಕ್ಕಿಂತ ಹಿಂದಿನ ಜಿಲ್ಲಾ ಮಟ್ಟದ ಕಾಗದಕ್ಕೆ ಮಂಗಳೂರಿಗೆ ಹೋಗಬೇಕಾದೀತು. 1956ಕ್ಕಿಂತ ಹಿಂದೆ ನಾವು ಮದ್ರಾಸಿಗೆ ಸೇರಿದವರು, ಆಗಿನ ಸರ್ಕಾರಿ ಆದೇಶ ಬೇಕಾದರೆ ಚೆನ್ನೈಯ ಪತ್ರಾಗಾರವೇ ಗತಿ. ಅಷ್ಟು ದೂರ ಎಲ್ಲರೂ ಹೋಗಬೇಕೆಂದಿಲ್ಲ. ನಾನಂತೂ ಹೋಗಲಿಲ್ಲ.

ನಮ್ಮ ಕಡೆ 1974ರ ಭೂಸುಧಾರಣೆ ಒಂದು ದೊಡ್ಡ ಗೆರೆ. ಬೇಸಾಯ ಮಾಡುತ್ತಿದ್ದ ಜಾಗ ತಮ್ಮ ಹೆಸರಿಗಾಗಲಿ ಎಂದು ಗೇಣಿದಾರರು ಆಗ ಕೊಟ್ಟ ಅರ್ಜಿಗೆ ಇಲ್ಲಿ ಡಿಕ್ಲರೇಶನ್ ಎನ್ನುತ್ತಾರೆ. ಹಿರಿಯರು ಈಗಲೂ "ಡಿಕ್ಲರೇಶನ್‌ಗೆ ಮುಂಚೆ", "ಡಿಕ್ಲರೇಶನ್ ಆದ ಮೇಲೆ" ಎಂದೇ ಕಾಲ ಅಳೆಯುತ್ತಾರೆ. ಮೈದಾನಕ್ಕೆ ಜಾಗ ಬಿಟ್ಟುಕೊಟ್ಟದ್ದು ಆ ಗೆರೆಯ ಈಚೆಯೋ ಆಚೆಯೋ ಎಂದು ಕೇಳಿ. ಧಣಿ ಧಾರಾಳವಾಗಿ ಕೊಟ್ಟರು ಎನ್ನುವ ಮಾತಿನ ಹಿಂದೆ, ಅಲ್ಲಿ ಗೇಣಿಗೆ ಬೇಸಾಯ ಮಾಡುತ್ತಿದ್ದ ಒಂದು ಮನೆಯೂ ಇರಬಹುದು. ಆ ಮನೆಯವರನ್ನೂ ಮಾತಾಡಿಸಿ. ಧಣಿಯ ಹೆಸರು ಕಲ್ಲಿನಲ್ಲಿ ಕೆತ್ತಿರುತ್ತದೆ, ಇವರ ಹೆಸರು ನೀವು ಬರೆಯದಿದ್ದರೆ ಮತ್ತೆಲ್ಲೂ ಬರುವುದಿಲ್ಲ.

ಕಾಗದ ಬರುವುದಕ್ಕೆ ಕಾಯುವ ಹೊತ್ತಿನಲ್ಲಿ ಮೈದಾನವನ್ನೇ ಓದಿ. ನಮ್ಮದು ಗುಡ್ಡೆ ತಗ್ಗಿನ ಊರು. ಮೈದಾನ ಎಂದರೆ ಒಂದು ಬದಿ ಧರೆ ಕಡಿದು, ಆ ಮಣ್ಣನ್ನು ಇನ್ನೊಂದು ಬದಿಗೆ ತುಂಬಿಸಿದ್ದು. ತುಂಬಿಸಿದ ಬದಿ ಮಳೆಗಾಲದಲ್ಲಿ ಕುಸಿಯುತ್ತದೆ, ನೀರು ನಿಲ್ಲುವುದು ಅಲ್ಲೇ. ಧರೆಯ ಹತ್ತಿರ ಹೋಗಿ ಮುರಕಲ್ಲಿನ ಮೈ ನೋಡಿ, ಸಂಜೆಯ ಓರೆ ಬಿಸಿಲು ಒಳ್ಳೆಯದು. ಜೆಸಿಬಿ ಕಡಿದಲ್ಲಿ ಹಲ್ಲಿನ ಗೀರು ಉದ್ದಕ್ಕೆ, ಒಂದರ ಪಕ್ಕ ಒಂದು ಸಮನಾಗಿ ಇಳಿದಿರುತ್ತದೆ. ಪಿಕ್ಕಾಸಿಯಲ್ಲಿ ಕಡಿದ ಗುರುತು ಗೇಣುದ್ದ, ಓರೆ, ಒಂದರ ಹಾಗೆ ಇನ್ನೊಂದಿಲ್ಲ. ನಮ್ಮ ಮೈದಾನದಲ್ಲಿ ಬಾವಿಯ ಕಡೆಯ ಧರೆಯಲ್ಲಿ ಪಿಕ್ಕಾಸಿ ಗುರುತು ಎದೆಮಟ್ಟದವರೆಗೆ ಉಂಟು, ಅದರ ಆಚೆಗೆ ಜೆಸಿಬಿಯ ಗೀರು. ಶ್ರಮದಾನ ಎಲ್ಲಿ ನಿಂತಿತು, ಪಂಚಾಯತಿನ ದುಡ್ಡು ಎಲ್ಲಿಂದ ಶುರುವಾಯಿತು ಎಂದು ಕೈಯಿಟ್ಟು ತೋರಿಸಬಹುದು. ಅದರ ಫೋಟೋ ಪುಸ್ತಕದಲ್ಲಿ ಹಾಕಿ. ಅತಿಥಿಗಳ ಫೋಟೋ ಎರಡು ಕಮ್ಮಿಯಾದರೂ ಪರವಾಗಿಲ್ಲ.

ಹಿರಿಯರನ್ನು ಕೇಳುವಾಗ ಇಸವಿ ಕೇಳಬೇಡಿ ಮಾರಾಯ್ರೆ. ಗಾಬರಿಯಾಗಿ ಏನೋ ಒಂದು ಹೇಳಿಬಿಡುತ್ತಾರೆ, ನೀವು ಅದನ್ನೇ ಬರೆದುಕೊಳ್ಳುತ್ತೀರಿ. "ಆಗ ಊರಿಗೆ ಕರೆಂಟ್ ಬಂದಿತ್ತಾ?", "ಇಂದಿರಾ ಗಾಂಧಿ ಬದುಕಿದ್ದರಾ?", "ಮಂಗಳೂರಿನಿಂದ ಉಡುಪಿಗೆ ರೈಲು ಓಡುತ್ತಿತ್ತಾ?" ಎಂದು ಕೇಳಿ. ರೈಲು ಬಂದದ್ದು 1993ರಲ್ಲಿ. ಇಂಥ ಗೂಟಗಳ ನಡುವೆ ನೆನಪನ್ನು ಕಟ್ಟಿದರೆ ಎರಡು ಮೂರು ವರ್ಷದ ಅಂತರಕ್ಕೆ ಬಂದು ನಿಲ್ಲುತ್ತದೆ. ಮೊದಲ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಯಾವಾಗ ಎನ್ನುವುದಕ್ಕೆ ಕರೆಂಟಿನ ಪ್ರಶ್ನೆ ಸಾಲದು, ಪೆಟ್ರೋಮ್ಯಾಕ್ಸ್ ಹಚ್ಚಿಯೂ ಆಡಿಸಿರುತ್ತಾರೆ.

ಆಡಿದವರನ್ನಷ್ಟೇ ಕೇಳಿದರೆ ಸಾಲದು. ಮೈದಾನದ ಬೇಲಿಯ ಪಕ್ಕದ ಮನೆಯ ಹೆಂಗಸರಿಗೆ ಗೊತ್ತಿರುವಷ್ಟು ಕಾರ್ಯದರ್ಶಿಗೂ ಗೊತ್ತಿರುವುದಿಲ್ಲ. ನಮ್ಮಲ್ಲಿ ಹಾಗೆ ಒಬ್ಬರು ಅಮ್ಮ ಇದ್ದಾರೆ. ಮಾಡಿನ ಹಂಚು ಒಡೆದ ಸಿಟ್ಟು ಅವರಿಗೆ ಇನ್ನೂ ಹೋಗಿಲ್ಲ. ವಾಲಿಬಾಲ್ ಹೋಗಿ ಕ್ರಿಕೆಟ್ ಬಂದದ್ದು ಯಾವಾಗ ಎಂದು ನನಗೆ ಸರಿಯಾಗಿ ಗೊತ್ತಾದದ್ದು ಅವರಿಂದಲೇ. ವಾಲಿಬಾಲಿಗೆ ಹಂಚು ಒಡೆಯುತ್ತಿರಲಿಲ್ಲವಂತೆ.

ಹಳೆಯ ಕಾಗದದಲ್ಲಿ ನನಗೆ ಅತಿ ಇಷ್ಟ ಸ್ಮರಣ ಸಂಚಿಕೆಯ ಜಾಹೀರಾತು ಪುಟಗಳು. ಯಾವ ಅಂಗಡಿ, ಯಾವ ಬಸ್ಸಿನವರು, ಬೊಂಬಾಯಿಯಲ್ಲಿ ಹೋಟೆಲಿಟ್ಟ ಯಾವ ಊರವರು ದುಡ್ಡು ಕೊಟ್ಟರು ಎಂಬ ಲೆಕ್ಕವೇ ಅದು. ಆಮಂತ್ರಣ ಪತ್ರಿಕೆ, ರಶೀದಿ ಪುಸ್ತಕ, ನಿರ್ಣಯ ಪುಸ್ತಕ ಸಿಕ್ಕಿದರೆ ಕಿಟಕಿಯ ಬೆಳಕಿನಲ್ಲಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬೂಸ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಗಾಳಿಗೆ ಬಿಡಿ. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸುವ ಉಪಕಾರ ಬೇಡವೇ ಬೇಡ. ಪತ್ರಿಕೆಯ ಸುದ್ದಿ ಬೇಕಾದರೆ ಉದಯವಾಣಿ ಶುರುವಾದದ್ದು 1970ರಲ್ಲಿ. ಅದಕ್ಕೂ ಹಿಂದಿನದಕ್ಕೆ ಮಂಗಳೂರಿನ ನವಭಾರತ ಯಾರ ಹತ್ತಿರ ಉಳಿದಿದೆ ನೋಡಿ. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲೂ ಒಮ್ಮೆ ವಿಚಾರಿಸಿ.

ಇನ್ನು ಪ್ರತಿಯೊಂದು ಮೈದಾನಕ್ಕೂ ಒಂದು ಐತಿಹ್ಯ ಇದ್ದೇ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಅದು ಸಾಮಾನ್ಯವಾಗಿ "ಗಾಂಧೀಜಿ ಇಲ್ಲಿ ಬಂದಿದ್ದರು". 1934ರ ಫೆಬ್ರವರಿಯಲ್ಲಿ ಅವರು ಉಡುಪಿಗೆ ಬಂದು ಅಜ್ಜರಕಾಡಿನಲ್ಲಿ ಮಾತಾಡಿದ್ದು ನಿಜ. ಆ ಪ್ರವಾಸದ ದಿನಚರಿ ಅವರ ಸಮಗ್ರ ಬರಹಗಳ ಸಂಪುಟಗಳಲ್ಲಿ ತಾರೀಖು ಸಮೇತ ಸಿಗುತ್ತದೆ. ನಿಮ್ಮೂರಿನ ಹೆಸರು ಅದರಲ್ಲಿ ಇಲ್ಲದಿದ್ದರೆ "ಬಂದಿದ್ದರು" ಎಂದು ಬರೆಯಬೇಡಿ, "ಬಂದಿದ್ದರೆಂದು ಊರವರು ಹೇಳುತ್ತಾರೆ" ಎಂದು ಬರೆಯಿರಿ.

ಕ್ರೋಕ್ ಪಾರ್ಕಿನವರಿಗೂ ಇದೇ ಪಾಡು. ಅಲ್ಲಿ ಹಿಲ್ 16 ಎಂಬ ಒಂದು ದಿಬ್ಬ ಉಂಟು, ಜನ ನಿಂತು ಆಟ ನೋಡುವ ಜಾಗ. ಬ್ರಿಟಿಷರ ವಿರುದ್ಧ 1916ರಲ್ಲಿ ಎದ್ದ ದಂಗೆಯಲ್ಲಿ ಉರುಳಿದ ಡಬ್ಲಿನ್ನಿನ ಕಟ್ಟಡಗಳ ಕಲ್ಲುಮಣ್ಣು ತಂದು ಅದನ್ನು ಕಟ್ಟಿದರು ಎಂದು ತಲೆಮಾರುಗಳಿಂದ ನಂಬಿಕೊಂಡು ಬಂದರು. ಆದರೆ ದಿಬ್ಬ 1915ರಲ್ಲೇ ಇತ್ತು. ಅದರ ಮೊದಲ ಹೆಸರು ಹಿಲ್ 60, ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಗಲ್ಲಿಪೊಲಿಯಲ್ಲಿ ಬ್ರಿಟಿಷ್ ಸೇನೆಗೆ ಸೇರಿದ ಐರಿಷ್ ಸೈನಿಕರು ಕಾದಾಡಿದ ಗುಡ್ಡದ ಹೆಸರು. ಸ್ವಾತಂತ್ರ್ಯ ಬಂದ ಮೇಲೆ ಆ ಹೆಸರು ಇರುಸುಮುರುಸಾಗಿ 16 ಆಯಿತು, ಹೆಸರಿಗೆ ತಕ್ಕ ಕಥೆಯೂ ಬೆಳೆಯಿತು. ಸುಳ್ಳು ಕಥೆ ಎಂದು ಕಿತ್ತು ಬಿಸಾಡಬೇಡಿ. ಊರಿಗೆ ಆ ಕಥೆ ಯಾಕೆ ಬೇಕಾಯಿತು ಎನ್ನುವುದನ್ನೂ ಒಂದು ಪ್ಯಾರಾ ಬರೆಯಿರಿ. ಅದೇ ಮೈದಾನದಲ್ಲಿ ಹೋಗನ್ ಸ್ಟ್ಯಾಂಡ್ ಎಂಬ ಹೆಸರಿನ ಹಿಂದಿನದು ಮಾತ್ರ ಕಥೆಯಲ್ಲ. 1920ರ ನವೆಂಬರ್ 21ರಂದು ಆಟ ನಡೆಯುವಾಗ ಬ್ರಿಟಿಷ್ ಪಡೆ ಗುಂಡು ಹಾರಿಸಿತು. ಸತ್ತ 14 ಜನರಲ್ಲಿ ಟಿಪರೇರಿ ತಂಡದ ಆಟಗಾರ ಮೈಕೆಲ್ ಹೋಗನ್ ಒಬ್ಬ. ಹಾಗಾಗಿ ನಿಮ್ಮ ರಂಗಮಂಟಪ, ಗೇಟು, ಕಟ್ಟೆಗೆ ಯಾರ ಹೆಸರುಂಟೋ ಅವರು ಯಾರು ಎಂದು ಕೇಳದೆ ಬಿಡಬೇಡಿ.

ಬರೆದಾದ ಮೇಲೆ ಪ್ರೆಸ್ಸಿಗೆ ಓಡಬೇಡಿ. ಹೆಸರು ಬಂದ ಪ್ರತಿಯೊಂದು ಮನೆಗೂ ಆ ಪುಟ ತೋರಿಸಿ ಸಹಿ ಹಾಕಿಸಿಕೊಳ್ಳಿ. ಇನಿಶಿಯಲ್ ತಪ್ಪಿದರೆ, ಮೇಲಿನ ಮನೆ ಕೆಳಗಿನ ಮನೆ ಅದಲುಬದಲಾದರೆ, ಬಿಡುಗಡೆಯ ದಿನ ವೇದಿಕೆಯಲ್ಲೇ ಗಲಾಟೆ. ಎರಡು ಮಂಡಲಗಳ ಹಳೆ ಜಗಳ ಇದ್ದರೆ ಇಬ್ಬರ ಮಾತನ್ನೂ ಅವರವರ ಬಾಯಿಂದಲೇ ಬರೆಯಿರಿ, ತೀರ್ಪು ಕೊಡಲು ಹೋಗಬೇಡಿ. ಜಾಗದ ವ್ಯಾಜ್ಯ ಕೋರ್ಟಿನಲ್ಲಿದ್ದರೆ ವಕೀಲರಿಗೆ ಒಮ್ಮೆ ಓದಲು ಕೊಡಿ. ಅಡಂಗಲ್, ಆರ್‌ಟಿಸಿ ನಕಲುಗಳ ಒಂದು ಸೆಟ್ಟನ್ನು ಶಾಲೆಯ ಕಪಾಟಿನಲ್ಲಿ ಇಡಿಸಿ, ಇಟ್ಟದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆಸಿ. ಮುಂದೆ ಯಾರಾದರೂ ಬೇಲಿ ಒಳಗೆ ಸರಿಸಲು ಬಂದರೆ ಮೊದಲು ಬೇಕಾಗುವುದು ಆ ಸೆಟ್ಟು.