ಹಂಗೇರಿಯನ್‌ನಲ್ಲಿ ‘ಎಲ್ಲಿದೆ’: ಡಬ್ಬ ಬಿಟ್ಟು ಶೆಲ್ಫಿನಿಂದ ಶುರು ಮಾಡಿದ ನನ್ನ ಅನುಭವ

ನಾನು ಬುಡಾಪೆಸ್ಟಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಊರು ಕುಂದಾಪುರದ ಕಡೆ. ಹೊಸ ಹುಡುಗರು ಬಂದರೆ ಯಾವ ಸಾಮಾನು ಎಲ್ಲಿ ಅಂತ ತೋರಿಸಿಕೊಡುವುದು ಈಗ ನನ್ನ ಕೆಲಸ. ತಿಂಗಳ ಕೊನೆಯ ಸ್ಟಾಕ್ ಲೆಕ್ಕವನ್ನೂ ನಾನೇ ಬರೆಸುತ್ತೇನೆ, ಪೂರ್ತಿ ಹಂಗೇರಿಯನ್‌ನಲ್ಲಿ. “ಇದು ನಮ್ಮ ನಾಲಿಗೆಗೆ ಬರುವ ಭಾಷೆ ಅಲ್ಲ ಮಾರಾಯ, ಸುಮ್ನೆ ಇಂಗ್ಲಿಷ್‌ನಲ್ಲಿ ಸುಧಾರಿಸು” ಅಂದಿದ್ದ ರೂಮಿನ ಗೆಳೆಯರೇ ಈಗ ಹೇಗೆ ಕಲಿತೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ, ಉಚ್ಚಾರ, ಸ್ವರಗಳ ಹೊಂದಾಣಿಕೆ (ಪದದ ಸ್ವರ ನೋಡಿ ಅದಕ್ಕೆ ಹತ್ತುವ ಬಾಲದ ಸ್ವರವೂ ಬದಲಾಗುವುದು) ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. ಹಂಗೇರಿಯನ್ ಪದಗಳನ್ನು ಕನ್ನಡದಲ್ಲಿ ಹತ್ತಿರ ಬರುವ ಹಾಗೆ ಬರೆದಿದ್ದೇನೆ.

ಮೊದಲು ದುಡ್ಡಿನ ವಿಷಯ. ಸಂಜೆಯ ಗುಂಪು ಕ್ಲಾಸಿಗೆ ಸುಮಾರು 90 ಸಾವಿರ ಫೋರಿಂಟ್ ಕೊಟ್ಟೆ. ಒಂದು ಆ್ಯಪಿನ ವರ್ಷದ ಚಂದಾ 25 ಸಾವಿರದ ಹತ್ತಿರ. ಆಮೇಲೆ ಒಬ್ಬರ ಹತ್ರ ಖಾಸಗಿ ಪಾಠ, ಗಂಟೆಗೆ 6–7 ಸಾವಿರ. ಚೆನ್ನಾಗಿ ಹೇಳಿಕೊಡುತ್ತಿದ್ದರು, ಆದರೆ ಸಂಬಳ ಅಷ್ಟು ದೂರ ಎಳೆಯಲಿಲ್ಲ. ಎಲ್ಲ ಸೇರಿ ಒಂದೂವರೆ ಲಕ್ಷ ಫೋರಿಂಟ್ ದಾಟಿತು. ನಮ್ಮ ಲೆಕ್ಕದಲ್ಲಿ 35 ಸಾವಿರ ರೂಪಾಯಿಗಿಂತ ಕಡಿಮೆ ಇಲ್ಲ. ಊರಿಗೆ ಕಳಿಸಬೇಕಿದ್ದ ದುಡ್ಡು ಅದು.

ಇಷ್ಟೆಲ್ಲ ಆದ ಮೇಲೂ ಅಡುಗೆಮನೆಯಲ್ಲಿ ಏನೂ ನಡೆಯಲಿಲ್ಲ. ಫ್ಲ್ಯಾಶ್‌ಕಾರ್ಡ್ ಹಾಕಿ ನೂರಾರು ಸಾಮಾನಿನ ಹೆಸರು ಕಲಿತಿದ್ದೆ. ಉಪ್ಪು, ಹಿಟ್ಟು, ಬಾಣಲೆ, ಸೌಟು, ಎಲ್ಲ ಗೊತ್ತು. ಶೆಫ್ ಕೂಗಿದಾಗ ವಸ್ತು ಯಾವುದು ಅಂತ ಹೊಳೆಯುತ್ತಿತ್ತು. ಅದನ್ನು ಫ್ರಿಜ್ಜಿನೊಳಗೆ ಇಡಬೇಕಾ, ಅಥವಾ ಅದು ಫ್ರಿಜ್ಜಿನೊಳಗೇ ಇದೆಯಾ ಅನ್ನುವುದು ಮಾತ್ರ ಹೊಳೆಯುತ್ತಿರಲಿಲ್ಲ.

ತೊಂದರೆ ಎಲ್ಲಿತ್ತು ಅಂತ ಹೇಳುತ್ತೇನೆ. ನಾನು ಕಲಿತ ಕಡೆ ಮೊದಲು ‘ಒಳಗೆ’ ಕಲಿಸಿದರು. ಡಬ್ಬಕ್ಕೆ ದೊಬೊಜ್ ಅನ್ನುತ್ತಾರೆ. ಒಳಗೆ ಹಾಕುವಾಗ ದೊಬೊಜ್‌ಬ, ಒಳಗೆ ಇರುವಾಗ ದೊಬೊಜ್‌ಬನ್, ಒಳಗಿಂದ ತೆಗೆಯುವಾಗ ದೊಬೊಜ್‌ಬೋಲ್. ಹಾಳೆಯ ಮೇಲೆ ಸುಲಭ. ಆದರೆ ಇಲ್ಲಿನ ಜನ ವೇಗವಾಗಿ ಮಾತಾಡುವಾಗ ಬನ್ ಅನ್ನುವುದರ ಕೊನೆಯ ನ್ ಅನ್ನು ನುಂಗಿಬಿಡುತ್ತಾರೆ. ಆಗ ಬ ಮತ್ತು ಬನ್ ಎರಡೂ ಒಂದೇ ಕೇಳುತ್ತವೆ. ನಮ್ಮ ಕನ್ನಡವೂ ಇಲ್ಲಿ ಕೈಕೊಡುತ್ತದೆ. ‘ಒಳಗೆ ಹಾಕು’, ‘ಒಳಗೆ ಇದೆ’, ಎರಡಕ್ಕೂ ನಮಗೆ ಒಂದೇ ‘ಒಳಗೆ’ ಸಾಕು, ಕ್ರಿಯಾಪದ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಕಿವಿಗೂ ಗೊತ್ತಾಗದು, ತಲೆಗೂ ಅಭ್ಯಾಸವಿಲ್ಲ. ಅಲ್ಲಿಂದ ಶುರು ಮಾಡಿದರೆ ಯಾರಿಗೆ ಬರುತ್ತದೆ?

ಶೆಲ್ಫಿನಲ್ಲಿ ಈ ಕಾಟ ಇಲ್ಲ. ಶೆಲ್ಫಿಗೆ ಪೊಲ್ತ್ಸ್ ಅನ್ನುತ್ತಾರೆ. ಶೆಲ್ಫಿನ ಮೇಲಕ್ಕೆ ಪೊಲ್ತ್ಸ್‌ರ, ಶೆಲ್ಫಿನ ಮೇಲೆ ಪೊಲ್ತ್ಸೊನ್, ಶೆಲ್ಫಿನ ಮೇಲಿಂದ ಪೊಲ್ತ್ಸ್‌ರೋಲ್. ಎಷ್ಟೇ ವೇಗವಾಗಿ ಹೇಳಲಿ, ಮೂರೂ ಬೇರೆ ಬೇರೆ ಕೇಳುತ್ತವೆ. ಶೆಲ್ಫಿನಿಂದಲೇ ಶುರು ಮಾಡೋಣ ಅಂದಾಗ ಖಾಸಗಿ ಪಾಠದವರೂ ಒಪ್ಪಲಿಲ್ಲ. “ಒಳಗೆ ಅನ್ನಲು ಎರಡೇ ರೂಪ, ಬನ್ ಮತ್ತು ಬೆನ್. ಮೇಲೆ ಅನ್ನಲು ನಾಲ್ಕು ರೂಪ. ಕಷ್ಟದ್ದರಿಂದ ಯಾಕೆ ಶುರು ಮಾಡುತ್ತೀರಿ?” ಅಂದರು. ಬರೆಯುವವರಿಗೆ ಅವರ ಮಾತು ಸರಿ. ಕೇಳಿಸಿಕೊಂಡು ಕೆಲಸ ಮಾಡುವವರಿಗೆ ನನ್ನದೇ ಸರಿ. ನಾಲ್ಕು ರೂಪ ಅಂದರೂ ಕೊನೆಯಲ್ಲಿ ನ್ ಬಂತು ಅಂದರೆ ಮುಗಿಯಿತು: ಪೊಲ್ತ್ಸೊನ್, ಕುರ್ಚಿಯ ಮೇಲೆ ಸೇಕೆನ್, ನೆಲದ ಮೇಲೆ ಫೊಲ್ದೊನ್. ಮುಂದಿರುವ ಸ್ವರ ತಪ್ಪಿದರೂ ಎದುರಿನವರಿಗೆ ಅರ್ಥ ಆಗುತ್ತದೆ.

ಮಾಡಿದ್ದು ಇಷ್ಟೇ. ಮೂರು ಬಣ್ಣದ ಟೇಪ್ ತಂದೆ. 2 ಸಾವಿರ ಫೋರಿಂಟ್ ಆಗಿರಬಹುದು. ಮನೆಯ ಶೆಲ್ಫಿನ ಅಂಚಿಗೆ ಮೂರು ಬಣ್ಣವನ್ನೂ ಅಂಟಿಸಿ, ಒಂದೊಂದರ ಮೇಲೆ ಒಂದೊಂದು ರೂಪ ಬರೆದೆ. ವಸ್ತುವಿನ ಹೆಸರು ಬರೆಯಲೇ ಇಲ್ಲ. ಎಲ್ಲರೂ ಹೆಸರನ್ನೇ ಅಂಟಿಸುತ್ತಾರೆ, ಅದರಿಂದ ಲಾಭ ಕಡಿಮೆ. ಉಪ್ಪಿನ ಡಬ್ಬ ಕೈಗೆ ತೆಗೆದುಕೊಂಡು ಶೆಲ್ಫಿಗೆ ಇಡುವುದು, ಕೈ ಬಿಟ್ಟು ನೋಡುವುದು, ಮತ್ತೆ ತೆಗೆಯುವುದು. ಪ್ರತಿ ಸಲ ಜೋರಾಗಿ ಹೇಳುವುದು: ಹೊವ (ಎಲ್ಲಿಗೆ)? ಪೊಲ್ತ್ಸ್‌ರ. ಹೊಲ್ ವನ್ (ಎಲ್ಲಿದೆ)? ಪೊಲ್ತ್ಸೊನ್ ವನ್. ಹೊನ್ನನ್ (ಎಲ್ಲಿಂದ)? ಪೊಲ್ತ್ಸ್‌ರೋಲ್. ಕೈ ಆಡದೆ ಬಾಯಿ ಆಡಬಾರದು. ಶೆಲ್ಫು ಗಟ್ಟಿಯಾಗುವವರೆಗೆ ಡಬ್ಬ, ಫ್ರಿಜ್ಜು ಮುಟ್ಟಬಾರದು. ನನಗೆ ಎರಡು-ಮೂರು ವಾರ ಹಿಡಿಯಿತು, ದಿನಕ್ಕೆ ಕಾಲು ಗಂಟೆಯ ಹಾಗೆ. ಆಮೇಲೆ ಫ್ರಿಜ್ಜಿಗೆ ಹೋದಾಗ ಮೂರರ ಲೆಕ್ಕ ತಲೆಯಲ್ಲಿ ಕೂತಿತ್ತು. ನ್ ನುಂಗಿದರೂ ‘ವನ್’ ಕೇಳಿದರೆ ಸಾಕು, ಇರುವ ಮಾತು ಅಂತ ಗೊತ್ತಾಗುತ್ತಿತ್ತು.

ಇನ್ನೊಂದು ವಿಷಯ, ಇಂಗ್ಲಿಷ್ ಮೂಲಕ ಕಲಿಯಬೇಡಿ. ಅ ಶೋ ಅ ಪೊಲ್ತ್ಸೊನ್ ವನ್ ಅಂದರೆ ‘ಉಪ್ಪು ಶೆಲ್ಫಿನ ಮೇಲೆ ಇದೆ’. ಪದಗಳ ಸಾಲು ನಮ್ಮದೇ. ಒಳಗೆ, ಮೇಲೆ ಬಿಟ್ಟು ಮೂರನೆಯ ಒಂದು ಗುಂಪೂ ಇದೆ, ಹೊಜ್ (ಹತ್ರಕ್ಕೆ), ನಾಲ್ (ಹತ್ರ), ತೋಲ್ (ಹತ್ರದಿಂದ). ಕ್ಲಾಸಿನಲ್ಲಿ ಬೇರೆ ದೇಶದವರು ಅದರಲ್ಲೇ ಒದ್ದಾಡುತ್ತಿದ್ದರು. ನಮಗೆ ಅದು ಸುಮ್ಮನೆ ‘ಹತ್ರ’. ಡಾಕ್ಟರ್ ಹತ್ರ ಇದ್ದೇನೆ ಅನ್ನುವುದಕ್ಕೆ ಓರ್ವೊಶ್‌ನಾಲ್. ಕೀ ನನ್ನ ಹತ್ರ ಇದೆ ಅನ್ನುವುದಕ್ಕೆ ನಾಲಮ್ ವನ್ ಅ ಕುಲ್ಚ್. ಕನ್ನಡದಲ್ಲಿ ಯೋಚಿಸಿದರೆ ಒಂದು ಸಂಜೆಯ ಕೆಲಸ.

ಆದರೆ ಕನ್ನಡದವರಿಗೇ ಅಂತ ಎರಡು ಗುಂಡಿಗಳಿವೆ. ಮೆಲ್ಲೆತ್ ಅಂದರೆ ಪಕ್ಕದಲ್ಲಿ. ನಮ್ಮ ಕಿವಿಗೆ ‘ಮೇಲೆ’ ಅಂತಲೇ ಬೀಳುತ್ತದೆ. ಒಲೆಯ ಮೆಲ್ಲೆತ್ ಇರಲಿ ಅಂದಾಗ ಒಲೆಯ ಮೇಲೆ ಇಟ್ಟರೆ ಏನಾಗುತ್ತದೆ ಅಂತ ಅಡುಗೆಯವರಿಗೆ ಹೇಳಬೇಕಿಲ್ಲ. ಇನ್ನೊಂದು, ಮೇಜಿನ ಮೇಲೆ ತಟ್ಟೆ ಇದೆ, ಮೇಜಿನ ಮೇಲೆ ದೀಪ ತೂಗುತ್ತಿದೆ, ಎರಡಕ್ಕೂ ನಾವು ‘ಮೇಲೆ’ ಅನ್ನುತ್ತೇವೆ. ಇಲ್ಲಿ ತಟ್ಟೆಗೆ ಅಸ್ತಲೊನ್, ದೀಪಕ್ಕೆ ಅಸ್ತಲ್ ಫೊಲೊತ್. ತಾಗಿದರೆ ಒಂದು, ತಾಗದಿದ್ದರೆ ಇನ್ನೊಂದು. ಇದನ್ನು ಮೊದಲ ವಾರದಲ್ಲೇ ಬಿಡಿಸಿಕೊಳ್ಳಿ.

ಶೆಲ್ಫಿನಿಂದ ಶುರು ಮಾಡಿದ್ದರ ಲಾಭ ಬೀದಿಗೆ ಇಳಿದಾಗ ಜಾಸ್ತಿ ಗೊತ್ತಾಯಿತು. ಸಂತೆಯಲ್ಲಿ ಪಿಯತ್ಸೊನ್, ಅಂಚೆ ಕಚೇರಿಯಲ್ಲಿ ಪೊಶ್ತಾನ್, ಟ್ರ್ಯಾಮಿನಲ್ಲಿ ವಿಲ್ಲಮೊಶೊನ್, ಹಂಗೇರಿಯಲ್ಲಿ ಮಗ್ಯರೊರ್‌ಸಾಗೊನ್. ನಮಗೆ ಇವೆಲ್ಲ ‘ಅಲ್ಲಿ’, ಅವರಿಗೆ ಎಲ್ಲವೂ ಶೆಲ್ಫಿನ ಲೆಕ್ಕ. ಅಂಗಡಿ, ಬ್ಯಾಂಕು, ಶಾಲೆಯಂಥವು ಡಬ್ಬದ ಲೆಕ್ಕ. ರಜೆಯ ದಿನ 4 ಮತ್ತು 6ನೇ ನಂಬರಿನ ಟ್ರ್ಯಾಮಿನಲ್ಲಿ ಕೂತು ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಹೇಳುತ್ತಾ ಹೋಗುತ್ತಿದ್ದೆ. ಫೋವಾಮ್ ಚೌಕದ ದೊಡ್ಡ ಮಾರುಕಟ್ಟೆಯೂ ಒಳ್ಳೆಯ ಜಾಗ. 1897ರ ಕಟ್ಟಡ ಅದು. ಅಂಗಡಿಯ ಅಜ್ಜಿಯರು ಇಂಗ್ಲಿಷಿಗೆ ತಿರುಗದೆ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದರು.

ಊರ ಹೆಸರುಗಳ ಹಿಂದೆ ಬಿದ್ದು ಒಂದು ಇಡೀ ತಿಂಗಳು ಹೋಯಿತು. ಅಡುಗೆಮನೆಗೆ ಅದರಿಂದ ಪ್ರಯೋಜನ ಇಲ್ಲ, ಆದರೂ ಖುಷಿ ಕೊಟ್ಟಿತು. ಬುಡಾಪೆಸ್ಟ್, ಸೆಗೆದ್, ಮಿಶ್ಕೊಲ್ತ್ಸ್ ಶೆಲ್ಫಿನ ಗುಂಪು. ದೆಬ್ರೆತ್ಸೆನ್, ಎಗೆರ್ ಡಬ್ಬದ ಗುಂಪು. ಹೊರದೇಶದ ಊರುಗಳು ಸಾಮಾನ್ಯವಾಗಿ ಡಬ್ಬಕ್ಕೇ ಹೋಗುತ್ತವೆ. ಲಂಡನ್ ಲೊಂದೊನ್‌ಬನ್, ದೆಹಲಿ ದೆಲ್ಹಿಬೆನ್. ಅದೇ ದಾರಿಯಲ್ಲಿ ನಮ್ಮವನ್ನೂ ಹಾಕಿ ನೋಡಿದೆ: ಬೆಂಗಳೂರುಬನ್, ಉಡುಪಿಬನ್, ಹೆಬ್ರಿಬೆನ್. ಕುಂದಾಪುರಕ್ಕೆ ಕೊನೆಯ ಅ ಉದ್ದವಾಗಿ ಕುಂದಾಪುರಾಬನ್. ಜೊತೆಯ ಹಂಗೇರಿಯನ್ ಹುಡುಗನಿಗೆ ಹೇಳಿ ತೋರಿಸಿದೆ, ಒಂದನ್ನೂ ತಿದ್ದಲಿಲ್ಲ.

ರಾತ್ರಿ ಮಲಗುವ ಮುಂಚೆ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದ ಒಂದು ಅಭ್ಯಾಸವಿದೆ. ಮೂರು ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ, ಎಷ್ಟು ಬಿಡುವು ಕೊಟ್ಟು ಹಾಕಬೇಕು ಅನ್ನುವುದರಲ್ಲೇ ಅದರ ಗುಟ್ಟು. ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹತ್ರ ಕೂತು ಕಲಿತ ಇಬ್ಬರು ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಕ್ಲಾಸಿಗೆ ಒಂದು ಫೋರಿಂಟೂ ಕಟ್ಟದೆ ಎರಡು ತಿಂಗಳೊಳಗೆ ಇಬ್ಬರೂ ಆರ್ಡರ್ ಕೇಳಿಸಿಕೊಂಡು ಸಾಮಾನು ತರುತ್ತಿದ್ದರು.

ಮೂರು ಗುಂಪು ಮುಗಿದ ಮೇಲೆ ಕೆಳಗೆ, ಪಕ್ಕ, ಮುಂದೆ, ಹಿಂದೆ, ನಡುವೆ ತೆಗೆದುಕೊಳ್ಳಿ. ಇವು ನಮ್ಮಲ್ಲಿ ಹೇಗೋ ಹಾಗೆ ಹೆಸರು ಆದ ಮೇಲೆಯೇ ಬರುತ್ತವೆ. ಇವಕ್ಕೂ ಮೂರು ಮೂರು ರೂಪ: ಕೆಳಕ್ಕೆ ಅಲಾ, ಕೆಳಗೆ ಅಲತ್, ಕೆಳಗಿಂದ ಅಲೋಲ್. ಪಕ್ಕಕ್ಕೆ ಮೆಲ್ಲೇ, ಪಕ್ಕದಲ್ಲಿ ಮೆಲ್ಲೆತ್, ಪಕ್ಕದಿಂದ ಮೆಲ್ಲೋಲ್. ಅದೇ ಟೇಪ್, ಅದೇ ಮೂರು ಬಣ್ಣ ಸಾಕು. ಫ್ರಿಜ್ಜಿನ ಒಳಗೆ ಅಂಟಿಸುವುದಾದರೆ ಮಾತ್ರ ತಣ್ಣಗಿನ ಜಾಗಕ್ಕೆ ಅಂತಲೇ ಮಾರುವ ಟೇಪ್ ತನ್ನಿ. ಮಾಮೂಲಿದು ತೇವಕ್ಕೆ ಮಾರನೇ ದಿನವೇ ಬಿಟ್ಟುಕೊಳ್ಳುತ್ತದೆ.