ತಿರುವಣ್ಣಾಮಲೈ ಗಿರಿಪ್ರದಕ್ಷಿಣೆ: ಮೊದಲು ಅಂಗಾಲು ತಯಾರಾಗಲಿ

ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ ಬೆಟ್ಟ ಸುತ್ತುವ ಗಿರಿಪ್ರದಕ್ಷಿಣೆ ಹದಿನಾಲ್ಕು ಕಿಲೋಮೀಟರ್ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಅಷ್ಟು ದೂರ ನಡೆಯೋಕಾಗುತ್ತಾ ಅಂತ. ಆಗುತ್ತೆ. ದಿನಾ ವಾಕಿಂಗ್ ಹೋಗುವವರಿಗೆ ಅದೇನು ಮಹಾ ದೂರವಲ್ಲ. ಬೆಟ್ಟ ಹತ್ತುವುದೂ ಇಲ್ಲ, ಬೆಟ್ಟದ ಬುಡದ ಟಾರು ರಸ್ತೆಯಲ್ಲಿ ಒಂದು ಸುತ್ತು, ಅಷ್ಟೇ. ಆದರೆ ನಡೆಯಬೇಕಾದ್ದು ಬರಿಗಾಲಲ್ಲಿ, ಜನ ಸೋಲುವುದು ಅಲ್ಲೇ. ಮಂಡಿ ಗಟ್ಟಿ ಇದ್ದವರೂ ಅಂಗಾಲು ಉರಿಗೆ ಅರ್ಧ ದಾರಿಯಲ್ಲಿ ಆಟೋ ಹತ್ತುತ್ತಾರೆ. ಹಾಗಾಗಿ ಗಿರಿವಲಂ (ಗಿರಿಪ್ರದಕ್ಷಿಣೆಗೆ ತಮಿಳಿನ ಹೆಸರು) ತಯಾರಿ ಅಂದ್ರೆ ಮುಖ್ಯವಾಗಿ ಎರಡು ಕೆಲಸ: ಸರಿಯಾದ ಹೊತ್ತು ನೋಡಿಕೊಳ್ಳುವುದು, ಅಂಗಾಲನ್ನು ಪಳಗಿಸುವುದು.

ದಿನ ಗೊತ್ತು ಮಾಡಿ

ಹುಣ್ಣಿಮೆಗೇ ಹೋಗಬೇಕು ಅಂತ ಬಹಳ ಜನಕ್ಕೆ ಆಸೆ. ನನ್ನ ಮಾತು ಕೇಳುವುದಾದರೆ ಮೊದಲ ಸಲ ಮಾಮೂಲಿ ದಿನ ಹೋಗಿ. ಹುಣ್ಣಿಮೆ ರಾತ್ರಿ ಲಕ್ಷಗಟ್ಟಲೆ ಜನ ಸೇರುತ್ತಾರೆ, ನಿಮ್ಮ ನಡಿಗೆ ನಿಮ್ಮ ಕೈಯಲ್ಲಿ ಇರುವುದಿಲ್ಲ, ಹಿಂದಿನವರು ತಳ್ಳಿದ ಹಾಗೆ ಹೋಗಬೇಕು, ಅರುಣಾಚಲೇಶ್ವರನ ಗುಡಿಯ ಒಳಗೆ ದರ್ಶನಕ್ಕೆ ಗಂಟೆಗಟ್ಟಲೆ ಕ್ಯೂ. ಚೈತ್ರ ಹುಣ್ಣಿಮೆಯಲ್ಲಿ ಇನ್ನೂ ಜಾಸ್ತಿ. ಬೆಟ್ಟದ ಮೇಲೆ ದೀಪ ಹಚ್ಚುವ ಕಾರ್ತಿಗೈ ದೀಪದ ದಿನವಂತೂ ಕೇಳಲೇಬೇಡಿ.

ಇಲ್ಲ, ಹುಣ್ಣಿಮೆಯೇ ಬೇಕು ಅಂದರೆ ಕ್ಯಾಲೆಂಡರಿನ ದುಂಡು ಚಂದ್ರನ ಗುರುತು ನೋಡಿ ಹೊರಡಬೇಡಿ. ತಿಥಿ ಒಂದು ದಿನ ಮಧ್ಯಾಹ್ನವೋ ಸಂಜೆಯೋ ಶುರುವಾಗಿ ಮರುದಿನ ಮುಗಿಯಬಹುದು. ಪ್ರದಕ್ಷಿಣೆಯ ಹೊತ್ತನ್ನು ದೇವಸ್ಥಾನದವರೇ ಪ್ರತಿ ತಿಂಗಳು ಹೇಳುತ್ತಾರೆ, ಅದನ್ನು ನೋಡಿಕೊಂಡೇ ಬಸ್ ಟಿಕೆಟ್ ಮಾಡಿಸಿ.

ದೀಪ ನೋಡುವ ಆಸೆಗೆ ಒಂದು ಉಪಾಯವಿದೆ. ಬೆಟ್ಟದ ತುದಿಯಲ್ಲಿ ಸಂಜೆ 6ಕ್ಕೆ ಹಚ್ಚುವ ಮಹಾದೀಪ ಅವತ್ತೇ ಆರುವುದಿಲ್ಲ, ಆಮೇಲೂ ಹತ್ತು ಹನ್ನೊಂದು ದಿನ ಉರಿಯುತ್ತದೆ. ಜಾತ್ರೆ ಕರಗಿದ ಮೇಲೆ ಹೋದರೂ ರಾತ್ರಿ ನಡೆಯುವಾಗ ಬೆಟ್ಟದ ನೆತ್ತಿಯಲ್ಲಿ ಆ ಬೆಳಕು ಕಾಣುತ್ತದೆ.

ಇನ್ನು ಹವಾಮಾನ. ಅಕ್ಟೋಬರ್ ಬಂತು, ಮಳೆ ಮುಗೀತು ಅನ್ನುವ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. ತಮಿಳುನಾಡಿನ ಆ ಭಾಗಕ್ಕೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೂ ಜೋರು ಮಳೆ, ದೀಪದ ಹಬ್ಬ ಬರುವುದೂ ಅದೇ ಹೊತ್ತಿಗೆ. 2024ರ ಡಿಸೆಂಬರ್ ಮೊದಲಲ್ಲಿ ಫೆಂಗಲ್ ಚಂಡಮಾರುತದ ಮಳೆಗೆ ಇದೇ ಬೆಟ್ಟದ ಮಣ್ಣು ಜಾರಿ ತಪ್ಪಲಿನ ಮನೆಯ ಮೇಲೆ ಬಿದ್ದು ಏಳು ಜನ ಸತ್ತರು. ಚಂಡಮಾರುತದ ಸುದ್ದಿ ಇದ್ದರೆ ಸುಮ್ನೆ ಮುಂದೂಡಿ, ಬೆಟ್ಟ ಎಲ್ಲೂ ಹೋಗಲ್ಲ. ಏಪ್ರಿಲ್, ಮೇನಲ್ಲಿ ಬೆಳಗ್ಗೆ ಒಂಬತ್ತಕ್ಕೆಲ್ಲ ಟಾರು ಕಾದ ಹೆಂಚು. ಜನವರಿ, ಫೆಬ್ರವರಿ ಹಿತ.

ಅಂಗಾಲಿನ ಕೆಲಸ

ಮೂರು ವಾರ ಮೊದಲೇ ಶುರು ಮಾಡಿ. ಮೊದಲು ಮನೆ ತಾರಸಿಯಲ್ಲಿ ಹತ್ತು ಹದಿನೈದು ನಿಮಿಷ ಬರಿಗಾಲಲ್ಲಿ ಓಡಾಡಿ. ಆಮೇಲೆ ಬೆಳಗಿನ ಜಾವ ಬೀದಿಗಿಳಿಯಿರಿ. ಅಕ್ಕಪಕ್ಕದವರು ಏನೋ ಹರಕೆ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ. ನಿಧಾನಕ್ಕೆ ಒಂದು ಗಂಟೆಗೆ ತನ್ನಿ. ಇದರ ಜೊತೆಗೆ ಒಂದು ಭಾನುವಾರ ಚಪ್ಪಲಿ ಹಾಕಿಕೊಂಡೇ ಎಂಟು ಹತ್ತು ಕಿಲೋಮೀಟರ್ ನಡೆದುಬಿಡಿ, ಮೀನಖಂಡ ಎಲ್ಲಿ ಹಿಡಿಯುತ್ತದೆ ಅಂತ ಗೊತ್ತಾಗುತ್ತದೆ.

ಹಿಮ್ಮಡಿ ಒಡೆದಿದ್ದರೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮೊದಲೇ ವಾಸಿ ಮಾಡಿಕೊಳ್ಳಿ. ನಡೆಯುವ ದಿನ ಮಾತ್ರ ಎಣ್ಣೆ ಬೇಡ, ಮೆತ್ತಗಾದ ಚರ್ಮಕ್ಕೆ ಬೇಗ ಬೊಬ್ಬೆ ಬರುತ್ತದೆ. ಬೊಬ್ಬೆ ಏಳುವುದು ಹೆಚ್ಚಾಗಿ ಬೆರಳುಗಳ ಬುಡದ ದಪ್ಪ ಭಾಗದಲ್ಲಿ. ಮೊದಲು ಬೆಚ್ಚಗಾಗುತ್ತದೆ, ಆಮೇಲೆ ಚುರುಚುರು ಅನ್ನುತ್ತದೆ. ಆ ಚುರುಚುರು ಶುರುವಾದಾಗಲೇ ಕೂತು ಕಾಲು ಒರೆಸಿ, ಅಂಟುಪಟ್ಟಿ ಹಾಕಿ, ಮೇಲೆ ದಪ್ಪ ಕಾಟನ್ ಸಾಕ್ಸ್ ಏರಿಸಿ. ಸಾಕ್ಸ್ ಹಾಕಿ ನಡೆಯುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ.

ಸಕ್ಕರೆ ಕಾಯಿಲೆ ಇರುವವರು ಬರಿಗಾಲಿನ ಹಟ ಬಿಡಬೇಕು. ಕಾಲಿಗೆ ಸ್ಪರ್ಶ ಕಡಿಮೆ ಇದ್ದರೆ ಗಾಜು ಚುಚ್ಚಿದರೂ ಗೊತ್ತಾಗುವುದಿಲ್ಲ. ಡಾಕ್ಟರನ್ನು ಕೇಳಿ, ಮೆತ್ತನೆ ಚಪ್ಪಲಿ ಹಾಕಿಕೊಂಡೇ ಸುತ್ತಿ.

ಚೀಲ, ಬಸ್ಸು, ರೂಮು

ಚೀಲ ಸಣ್ಣದಿರಲಿ. ಅರ್ಧ ಲೀಟರ್ ನೀರು, ಎರಡು ಪೊಟ್ಟಣ ಓಆರ್‌ಎಸ್, ಅಂಟುಪಟ್ಟಿ, ಸಣ್ಣ ಟವೆಲ್, ನಿಮ್ಮ ಮಾತ್ರೆ, ಟಾರ್ಚು, ಚಿಲ್ಲರೆ. ದಾರಿಯುದ್ದಕ್ಕೂ ನೀರು, ಮಜ್ಜಿಗೆ, ಟೀ ಸಿಗುತ್ತದೆ. ಬಾಳೆಹಣ್ಣನ್ನು ಕವರ್‌ನಲ್ಲಿ ತೂಗಾಡಿಸಿಕೊಂಡು ಹೋದರೆ ಅದು ಕೋತಿಗಳ ಪಾಲು.

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಚೆಂಗಂ ಮೇಲೆ ಸುಮಾರು 200 ಕಿಲೋಮೀಟರ್. ಬಸ್ಸಿಗೆ ಐದು ಗಂಟೆ ಇಟ್ಟುಕೊಳ್ಳಿ. ಹುಣ್ಣಿಮೆಗೆ ಹೋದರೆ ಊರಾಚೆಯೇ ವಾಹನ ತಡೆಯುತ್ತಾರೆ, ಅಲ್ಲಿಂದ ಗುಡಿವರೆಗಿನ ನಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿ. ರೂಮನ್ನು ವಾರಗಳ ಮೊದಲೇ ಹಿಡಿಯಿರಿ. ಚಪ್ಪಲಿಯನ್ನು ರೂಮಿನಲ್ಲೋ ಕಾರಿನಲ್ಲೋ ಬಿಟ್ಟು ಬನ್ನಿ.

ನಡಿಗೆ

ಮಾಮೂಲಿ ದಿನವಾದರೆ ಬೆಳಗಿನ ಜಾವ ಮೂರೂವರೆಗೆ ಹೊರಡುವುದು ಒಳ್ಳೆಯದು. ನಾಲ್ಕರಿಂದ ಐದು ಗಂಟೆ ಹಿಡಿಯುತ್ತದೆ, ಬಿಸಿಲೇರುವ ಮೊದಲೇ ಮುಗಿಯುತ್ತದೆ. ಒಬ್ಬರೇ ಹೋಗಬೇಡಿ, ಬೆಟ್ಟದ ಹಿಂಭಾಗದಲ್ಲಿ ಆ ಹೊತ್ತಿಗೆ ಜನ ಕಡಿಮೆ. ಶುರು ಮಾಡುವುದು ಗುಡಿಯ ಪೂರ್ವದ ರಾಜಗೋಪುರದ ಮುಂದೆ. ಹನ್ನೊಂದು ಅಂತಸ್ತು, 217 ಅಡಿ. ನಮ್ಮ ಕೃಷ್ಣದೇವರಾಯ ಶುರು ಮಾಡಿಸಿದ್ದು, ಮುಗಿಸಿದ್ದು ತಂಜಾವೂರಿನ ಸೇವಪ್ಪ ನಾಯಕ. ಒಳಗೆ ಬಲ್ಲಾಳ ಗೋಪುರವೂ ಇದೆ. ಹೊಯ್ಸಳರ ಮೂರನೇ ವೀರಬಲ್ಲಾಳ ಕೊನೆಗಾಲದಲ್ಲಿ ಇದೇ ಊರಲ್ಲಿದ್ದು ರಾಜ್ಯ ನಡೆಸಿದ್ದ. ದರ್ಶನಕ್ಕೆ ಹೋದಾಗ ಅದನ್ನು ಹುಡುಕಿ ನೋಡಿ.

ಬೆಟ್ಟ ಸದಾ ನಿಮ್ಮ ಬಲಕ್ಕಿರಬೇಕು. ರಸ್ತೆಯ ಎಡಬದಿಯಲ್ಲೇ ನಡೆಯುವುದು ವಾಡಿಕೆ, ಬೆಟ್ಟದ ಕಡೆಯ ಬದಿ ಕಣ್ಣಿಗೆ ಕಾಣದ ಸಿದ್ಧರಿಗೆ ಅಂತಾರೆ. ನಂಬಿಕೆ ಏನೇ ಇರಲಿ, ಎಡಬದಿ ಅಂದರೆ ಬಸ್ಸು, ಲಾರಿ ನಿಮ್ಮ ಬೆನ್ನ ಹಿಂದಿನಿಂದ ಬರುತ್ತವೆ. ಮೊದಲ ಭಾಗ ಚೆಂಗಂ ರಸ್ತೆ, ಮಾಮೂಲಿ ದಿನ ವಾಹನ ನಿಲ್ಲಿಸುವುದಿಲ್ಲ. ಕತ್ತಲಲ್ಲಿ ಬಿಳಿ ಬಟ್ಟೆ ಹಾಕಿ, ಫುಟ್‌ಪಾತ್ ಇರುವ ಕಡೆ ಅದನ್ನು ಬಿಡಬೇಡಿ.

ದಾರಿಯಲ್ಲಿ ಎಂಟು ದಿಕ್ಕಿನ ಎಂಟು ಲಿಂಗಗಳು ಸಿಗುತ್ತವೆ: ಇಂದ್ರ, ಅಗ್ನಿ, ಯಮ, ನಿರುತಿ, ವರುಣ, ವಾಯು, ಕುಬೇರ, ಈಶಾನ್ಯ. ಅಗ್ನಿ ಲಿಂಗ ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗಿದೆ, ಮಾತಾಡುತ್ತಾ ಹೋದರೆ ತಪ್ಪಿಹೋಗುತ್ತದೆ. ಗುಡಿಯಿಂದ ಎರಡು ಕಿಲೋಮೀಟರ್ ಆಗುವಷ್ಟರಲ್ಲಿ ರಮಣಾಶ್ರಮ. ಅದು ದಾಟಿ ಸ್ವಲ್ಪ ಮುಂದೆ ಬಲಕ್ಕೆ ತಿರುಗಿದರೆ ಚೆಂಗಂ ರಸ್ತೆಯ ಗದ್ದಲ ಹಿಂದೆ ಉಳಿಯುತ್ತದೆ, ಮರಗಳು ಶುರುವಾಗುತ್ತವೆ.

ಅರ್ಧ ದಾಟಿದ ಮೇಲೆ ಬೆಟ್ಟದ ಹಿಂಭಾಗದಲ್ಲಿ ಆದಿ ಅಣ್ಣಾಮಲೈ ಗುಡಿ. ಅಲ್ಲಿ ಕಡ್ಡಾಯವಾಗಿ ಹತ್ತು ನಿಮಿಷ ಕೂರಿ, ಅಂಗಾಲು ತಿರುಗಿಸಿ ನೋಡಿಕೊಳ್ಳಿ, ಓಆರ್‌ಎಸ್ ಕುಡಿಯಿರಿ. ಜಾಸ್ತಿ ಹೊತ್ತು ಕೂತರೆ ಕಾಲು ಹಿಡಿದುಕೊಳ್ಳುತ್ತದೆ. ತುಂಬು ಗರ್ಭಿಣಿ ರಾಣಿ ನಡೆದ ಹಾಗೆ ಈ ಬೆಟ್ಟ ಸುತ್ತಬೇಕು ಅನ್ನುವ ಮಾತಿದೆ. ವಾಚು ನೋಡಿ ಓಡುವ ಹುಡುಗರಿಗೆ ಇದನ್ನು ಎರಡು ಸಲ ಹೇಳಿ.

ಕುಬೇರ ಲಿಂಗ ಆದ ಮೇಲೆ ಇಡುಕ್ಕು ಪಿಳ್ಳೆಯಾರ್, ಅಂದರೆ ಇಕ್ಕಟ್ಟಿನ ಗಣಪ. ಪುಟ್ಟ ಮಂಟಪದ ಕಿರಿದಾದ ಕಿಂಡಿಯಲ್ಲಿ ತೆವಳಿ ಈಚೆ ಬರಬೇಕು. ಚೀಲ ಜೊತೆಯವರಿಗೆ ಕೊಟ್ಟು, ಮಗ್ಗುಲಾಗಿ ಮಲಗಿ ಭುಜ ಮುಂದೆ ಮಾಡಿ. ನೋಡಿದರೆ ಆಗಲ್ಲ ಅನ್ನಿಸುವ ದಪ್ಪನೆಯವರೂ ಈಚೆ ಬರುತ್ತಾರೆ. ಉಸಿರು ಕಟ್ಟುವ ತೊಂದರೆ ಇದ್ದರೆ ಹೊರಗಿಂದಲೇ ಕೈಮುಗಿಯಿರಿ.

ಹುಣ್ಣಿಮೆ ರಾತ್ರಿ ಮಾತ್ರ ಕಣ್ಣು ನೆಲದ ಮೇಲಿರಲಿ. ಉರಿಯುವ ಕರ್ಪೂರ, ಅನ್ನದಾನದ ದೊನ್ನೆ, ಚೆಲ್ಲಿದ ಸಾಂಬಾರು, ಎಲ್ಲ ಕಾಲಡಿಗೇ. ಯಾರೋ ‘ಅಣ್ಣಾಮಲೈಯಾನುಕ್ಕು’ ಅಂದಾಗ ಸುತ್ತಲಿನವರೆಲ್ಲ ‘ಅರೋಹರಾ’ ಅಂತ ಕೂಗುತ್ತಾರೆ, ನೀವೂ ಕೂಗಿ, ನಿದ್ದೆ ಹಾರಿಹೋಗುತ್ತದೆ. ಗುಂಪಾಗಿ ಹೋದವರು ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ, ಆ ಜನದಲ್ಲಿ ಫೋನ್ ನಂಬಬೇಡಿ. ಬೆಟ್ಟ ಹತ್ತುವ ಯೋಚನೆ ಬೇಡ, ಅದಕ್ಕೆ ಅನುಮತಿ ಬೇಕು.

ಮುಗಿದ ಮೇಲೆ ಬಕೆಟ್ ನೀರಿಗೆ ಉಪ್ಪು ಹಾಕಿ ಕಾಲಿಟ್ಟು ಕೂರಿ. ಬೊಬ್ಬೆ ಒಡೆಯಬೇಡಿ. ಕಾರು ಓಡಿಸಬೇಕಾದವರು ರೂಮು ಖಾಲಿ ಮಾಡುವ ಅವಸರ ಬಿಟ್ಟು ಕನಿಷ್ಠ ನಾಲ್ಕು ಗಂಟೆ ಮಲಗಿ. ರಾತ್ರಿಯಿಡೀ ನಡೆದು, ಇಡ್ಲಿ ತಿಂದು, ನೇರ ಸ್ಟಿಯರಿಂಗ್ ಹಿಡಿದರೆ ಚೆಂಗಂ ದಾಟುವಷ್ಟರಲ್ಲಿ ರೆಪ್ಪೆ ಎಳೆಯುತ್ತದೆ.